ಕೆಂಪು ಬಂಡೆಗಳ ನಾಡಿನಲ್ಲಿ ಹತ್ತು ರಾತ್ರಿ: ಯೂಟಾ–ಅರಿಜೋನಾ ಕಾರು ಪ್ರವಾಸದ ಸಮಗ್ರ ಮಾರ್ಗದರ್ಶಿ

ಅಮೆರಿಕದ ನೈಋತ್ಯ ಭಾಗದಲ್ಲಿ, ಯೂಟಾ ಮತ್ತು ಅರಿಜೋನಾ ರಾಜ್ಯಗಳ ಗಡಿಯ ಆಚೀಚೆ ಕೊಲರಾಡೊ ಪ್ರಸ್ಥಭೂಮಿ ಹರಡಿಕೊಂಡಿದೆ. ಝಯಾನ್, ಬ್ರೈಸ್ ಕ್ಯಾನ್ಯನ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಗ್ರ್ಯಾಂಡ್ ಕ್ಯಾನ್ಯನ್ ಎಂಬ ಆರು ರಾಷ್ಟ್ರೀಯ ಉದ್ಯಾನಗಳು ಇಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ನಡುವೆ ನವಾಹೊ ಎಂಬ ಮೂಲನಿವಾಸಿ ಜನರ ಮಾನ್ಯುಮೆಂಟ್ ವ್ಯಾಲಿಯೂ ಇದೆ. ಲಾಸ್ ವೇಗಸ್‌ನಿಂದ ಹೊರಟು ಅಲ್ಲಿಗೇ ಮರಳುವ ಈ ಸುತ್ತು ರಸ್ತೆಯಲ್ಲಿ ಸುಮಾರು 2,000 ಕಿಲೋಮೀಟರ್. ಉದ್ಯಾನಗಳೊಳಗಿನ ಓಡಾಟದ ಲೆಕ್ಕ ಬೇರೆ.

ಬಹುತೇಕರು ಈ ಪ್ರವಾಸವನ್ನು ನಕ್ಷೆ ನೋಡಿ ಯೋಜಿಸುತ್ತಾರೆ. ಇಲ್ಲಿಂದ ಅಲ್ಲಿಗೆ ಎರಡು ಗಂಟೆ, ಅಲ್ಲಿಂದ ಮುಂದಕ್ಕೆ ಮೂರು ಗಂಟೆ, ಹಾಗಾದರೆ ಐದು ದಿನದಲ್ಲಿ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಈ ನಾಡಿನಲ್ಲಿ ದೂರ ಅಷ್ಟು ಮುಖ್ಯವಲ್ಲ. ನೀವು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದ್ದೀರಿ ಮತ್ತು ಗಡಿಯಾರದಲ್ಲಿ ಎಷ್ಟು ಗಂಟೆ ಎಂಬ ಎರಡೇ ಸಂಗತಿಗಳು ಏನನ್ನು ನೋಡಬಹುದು, ಎಷ್ಟು ನಡೆಯಬಹುದು ಎಂಬುದನ್ನು ತೀರ್ಮಾನಿಸುತ್ತವೆ. ಲಾಸ್ ವೇಗಸ್ ಸುಮಾರು 600 ಮೀಟರ್ ಎತ್ತರದಲ್ಲಿದೆ. ಝಯಾನ್ ಕಣಿವೆಯ ತಳ 1,200 ಮೀಟರ್, ಬ್ರೈಸ್‌ನ ಅಂಚು 2,400ರಿಂದ 2,700, ಆರ್ಚಸ್ ಬಳಿಯ ಮೋಆಬ್ ಊರು ಮತ್ತೆ 1,200, ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದ ಅಂಚು 2,100 ಮೀಟರ್. ಮೇ ತಿಂಗಳ ಒಂದೇ ವಾರದಲ್ಲಿ ಬೆವರಿಳಿಸುವ ಮಧ್ಯಾಹ್ನವನ್ನೂ ಹಿಮ ಉದುರುವ ಬೆಳಗನ್ನೂ ಕಾಣಬಹುದು. ಈ ಮಾರ್ಗದರ್ಶಿಯನ್ನು ಬರೆದಿರುವುದು ಆ ಲೆಕ್ಕದಲ್ಲಿ.

ಮೊದಲು ತಿಂಗಳನ್ನು ಆರಿಸಿ

ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಅಥವಾ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಹೋಗಿ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಅಕ್ಟೋಬರ್ ಎನ್ನುತ್ತೇನೆ. ಆಗ ಕಾಟನ್‌ವುಡ್ ಮರಗಳು ಹಳದಿಯಾಗಿರುತ್ತವೆ, ಆಕಾಶ ತಿಳಿಯಾಗಿರುತ್ತದೆ, ನದಿಯ ನೀರೂ ಇಳಿದಿರುತ್ತದೆ.

ಮಕ್ಕಳ ಬೇಸಿಗೆ ರಜೆಯಿರುವ ಜೂನ್‌ನಿಂದ ಆಗಸ್ಟ್‌ವರೆಗೆ ಹೋಗಲೇಬೇಕಾದವರು ಎರಡು ವಿಷಯ ತಿಳಿದಿರಬೇಕು. ಝಯಾನ್ ಮತ್ತು ಮೋಆಬ್‌ನಲ್ಲಿ ತಾಪಮಾನ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿಯೂ ಒಂದು ಮುಂಗಾರು ಇದೆ. ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಆದರೆ ನಮ್ಮ ಹಾಗೆ ದಿನಗಟ್ಟಲೆ ಜಿಟಿಜಿಟಿ ಸುರಿಯುವ ಮಳೆ ಅದಲ್ಲ. ಮಧ್ಯಾಹ್ನ ಎಲ್ಲೋ ಒಂದು ಮೋಡ ಒಡೆದು ಅರ್ಧ ಗಂಟೆ ಸುರಿಯುತ್ತದೆ. ಬರಿ ಬಂಡೆಯ ನೆಲ ಹನಿಯನ್ನೂ ಹೀರುವುದಿಲ್ಲವಾದ್ದರಿಂದ ನೀರೆಲ್ಲ ಇಕ್ಕಟ್ಟಾದ ಸೀಳುಗಳಿಗೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಅರಿಜೋನಾದ ಪೇಜ್ ಊರಿನ ಬಳಿಯ ಲೋವರ್ ಆಂಟಲೋಪ್ ಕಣಿವೆಯಲ್ಲಿ ಹೀಗೆ ನುಗ್ಗಿದ ನೀರಿಗೆ ಹನ್ನೊಂದು ಮಂದಿ ಬಲಿಯಾದರು. ಮಳೆ ಬಿದ್ದದ್ದು ಅವರು ನಿಂತಿದ್ದ ಜಾಗದಲ್ಲಲ್ಲ, ಮೈಲಿಗಟ್ಟಲೆ ದೂರದಲ್ಲಿ. ಬೇಸಿಗೆಯಲ್ಲಿ ಹೋಗುವವರು ಕಣಿವೆಯ ತಳದ ಚಾರಣಗಳನ್ನೆಲ್ಲ ಬೆಳಗ್ಗೆಯೇ ಮುಗಿಸಿ, ತಲೆಯ ಮೇಲೆ ಬಿಸಿಲಿದ್ದರೂ ಹವಾಮಾನ ವರದಿಯನ್ನೇ ನಂಬಿ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಜನ ಕಡಿಮೆ, ಕೊಠಡಿಗಳೂ ಅಗ್ಗ. ಆದರೆ ಬ್ರೈಸ್‌ನಲ್ಲಿ ಮಂಡಿಯುದ್ದ ಹಿಮವಿರಬಹುದು. ಹಿಮದ ರಸ್ತೆಯಲ್ಲಿ ಕಾರು ಓಡಿಸಿ ಅಭ್ಯಾಸವಿಲ್ಲದವರಿಗೆ ಇದು ಬೇಡ.

ಪಾಸು ಮತ್ತು ಪರವಾನಗಿ

ಈ ಆರೂ ಉದ್ಯಾನಗಳಿಗೆ 'ಅಮೆರಿಕ ದ ಬ್ಯೂಟಿಫುಲ್' ಎಂಬ ಒಂದೇ ವಾರ್ಷಿಕ ಪಾಸು ಸಾಕು. 2026ರಿಂದ ಇದರ ನಿಯಮ ಬದಲಾಗಿದೆ, ಹಳೆಯ ಮಾಹಿತಿಯನ್ನು ನಂಬಬೇಡಿ. ಅಮೆರಿಕದ ನಿವಾಸಿಗಳಿಗೆ ಪಾಸಿನ ದರ 80 ಡಾಲರ್, ಹೊರಗಿನಿಂದ ಬಂದವರಿಗೆ 250 ಡಾಲರ್. ಪಾಸಿಲ್ಲದ ಅನಿವಾಸಿಗಳು ಹನ್ನೊಂದು ಜನಪ್ರಿಯ ಉದ್ಯಾನಗಳಲ್ಲಿ ಮಾಮೂಲು ಶುಲ್ಕದ ಮೇಲೆ ತಲಾ 100 ಡಾಲರ್ ಕೊಡಬೇಕು. ಆ ಪಟ್ಟಿಯಲ್ಲಿರುವ ಝಯಾನ್, ಬ್ರೈಸ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ಮೂರೂ ನಮ್ಮ ದಾರಿಯಲ್ಲೇ ಬರುತ್ತವೆ. ಮಗ ಅಥವಾ ಮಗಳು ಅಲ್ಲಿ ನೆಲೆಸಿದ್ದು, ಅಪ್ಪ ಅಮ್ಮ ಮೈಸೂರಿನಿಂದಲೋ ಧಾರವಾಡದಿಂದಲೋ ಬಂದಿದ್ದರೆ, ಒಂದೇ ಕಾರಿನಲ್ಲಿ ಎರಡೂ ಬಗೆಯವರು ಇರುತ್ತಾರೆ. ಯಾರ ಪಾಸು ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ಹೊರಡುವ ವಾರವೇ ಓದಿಕೊಳ್ಳಿ. ಗೇಟಿನಲ್ಲಿ ಸರ್ಕಾರ ನೀಡಿದ, ಭಾವಚಿತ್ರವಿರುವ ಗುರುತಿನ ಚೀಟಿ ಕೇಳುತ್ತಾರೆ. ಅದು ಕೈಗೆ ಸಿಗುವಂತಿರಲಿ.

ಈ ಪಾಸು ಮಾನ್ಯುಮೆಂಟ್ ವ್ಯಾಲಿ, ಆಂಟಲೋಪ್ ಕಣಿವೆ, ಡೆಡ್ ಹಾರ್ಸ್ ಪಾಯಿಂಟ್, ಹಾರ್ಸ್‌ಶೂ ಬೆಂಡ್‌ಗಳಲ್ಲಿ ನಡೆಯುವುದಿಲ್ಲ. ಮೊದಲೆರಡು ನವಾಹೊ ರಾಷ್ಟ್ರದವು, ಅಂದರೆ ನವಾಹೊ ಜನರೇ ಆಳಿಕೊಳ್ಳುವ ಪ್ರದೇಶದವು, ಮೂರನೆಯದು ಯೂಟಾ ರಾಜ್ಯದ್ದು, ಕೊನೆಯದರ ವಾಹನ ನಿಲುಗಡೆ ಶುಲ್ಕ ಪೇಜ್ ಪಟ್ಟಣದ್ದು.

ಮುಂಗಡವಾಗಿ ಹಿಡಿಯಬೇಕಾದದ್ದು ಮೂರು. ಉದ್ಯಾನದೊಳಗಿನ ವಸತಿಗೃಹ ಬೇಕಿದ್ದರೆ ಒಂದು ವರ್ಷ ಮೊದಲೇ ಪ್ರಯತ್ನಿಸಿ. ಝಯಾನ್‌ನ ಏಂಜಲ್ಸ್ ಲ್ಯಾಂಡಿಂಗ್ ಎಂಬ ಕಡಿದಾದ ಬಂಡೆ ಹತ್ತುವ ಆಸೆಯಿದ್ದರೆ, 2022ರಿಂದ ಅದಕ್ಕೆ ಲಾಟರಿ ಮೂಲಕ ಪರವಾನಗಿ ಪಡೆಯಬೇಕು; ಋತುವಿಗೊಂದು ಲಾಟರಿ, ಹಿಂದಿನ ದಿನಕ್ಕೊಂದು ಲಾಟರಿ. ಆಂಟಲೋಪ್ ಕಣಿವೆಗೆ ನವಾಹೊ ಮಾರ್ಗದರ್ಶಿಯಿಲ್ಲದೆ ಪ್ರವೇಶವೇ ಇಲ್ಲವಾದ್ದರಿಂದ ಅದನ್ನೂ ವಾರಗಳ ಮೊದಲು ಕಾದಿರಿಸಿ. ಆರ್ಚಸ್ ಉದ್ಯಾನ ಕೆಲವು ವರ್ಷ ಪ್ರವೇಶದ ಸಮಯವನ್ನೂ ಕಾದಿರಿಸಬೇಕೆಂದು ನಿಯಮ ಮಾಡಿತ್ತು. ನೀವು ಹೋಗುವ ವರ್ಷ ಏನಿದೆ ನೋಡಿಕೊಳ್ಳಿ.

ಕಾರು, ರಸ್ತೆ, ಪೆಟ್ರೋಲು

ನಾಲ್ವರಿಗೆ ಮಧ್ಯಮ ಗಾತ್ರದ ಎಸ್‌ಯುವಿ ಸಾಕು. ಈ ಮಾರ್ಗದ ಮುಖ್ಯ ರಸ್ತೆಗಳೆಲ್ಲ ಡಾಂಬರಿನವು, ಫೋರ್ ವೀಲ್ ಡ್ರೈವ್ ಬೇಕಿಲ್ಲ. ಮಣ್ಣಿನ ರಸ್ತೆಗೆ ಇಳಿಯಬಾರದೆಂಬ ಷರತ್ತು ಬಹುತೇಕ ಬಾಡಿಗೆ ಕರಾರುಗಳಲ್ಲಿ ಇರುತ್ತದೆ. ಸಣ್ಣ ಅಕ್ಷರಗಳನ್ನೂ ಓದಿ. ವೇಗಸ್‌ನಲ್ಲಿ ಪಡೆದು ವೇಗಸ್‌ನಲ್ಲೇ ಮರಳಿಸುವುದು ಅಗ್ಗ. ಬೇರೆ ಊರಿನಲ್ಲಿ ಬಿಟ್ಟರೆ ದಂಡದಷ್ಟು ಶುಲ್ಕ ಬೀಳುತ್ತದೆ. ಭಾರತದ ಚಾಲನಾ ಪರವಾನಗಿಯ ಜೊತೆಗೆ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಅನುಮತಿ ಪತ್ರ ಮಾಡಿಸಿಕೊಂಡು ಬನ್ನಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಯೂಟಾದಲ್ಲಿ ವಿಶೇಷ ಆಸನ ಕಡ್ಡಾಯ, ಮಡಿಲಿನಲ್ಲಿ ಕೂರಿಸಿಕೊಳ್ಳುವ ಮಾತೇ ಇಲ್ಲ.

ಪೆಟ್ರೋಲ್ ಬಂಕ್‌ನಲ್ಲಿ ಸಿಬ್ಬಂದಿ ಇರುವುದಿಲ್ಲ, ನೀವೇ ತುಂಬಿಸಿಕೊಳ್ಳಬೇಕು. ಯಂತ್ರ ಕಾರ್ಡಿನ ಜೊತೆಗೆ ಅಮೆರಿಕದ ಪಿನ್‌ಕೋಡ್ ಕೇಳುತ್ತದೆ, ಭಾರತದ ಕಾರ್ಡು ಅಲ್ಲಿ ತಿರಸ್ಕೃತವಾಗುತ್ತದೆ. ಗಾಬರಿಯಾಗದೆ ಒಳಗೆ ಹೋಗಿ, ಪಂಪಿನ ಸಂಖ್ಯೆ ಹೇಳಿ, ಮೊದಲೇ ಹಣ ಕಟ್ಟಿ. ಯೂಟಾದ ಎತ್ತರದ ಊರುಗಳಲ್ಲಿ ತೀರಾ ಅಗ್ಗದ ಪೆಟ್ರೋಲಿನ ಆಕ್ಟೇನ್ 85 ಇರುತ್ತದೆ. ಕಾರಿನ ಮುಚ್ಚಳದ ಮೇಲೆ 87 ಎಂದಿದ್ದರೆ ಒಂದು ಮೆಟ್ಟಿಲು ಮೇಲಿನದನ್ನು ಒತ್ತಿ. ಟ್ಯಾಂಕ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ಐ-70 ಹೆದ್ದಾರಿಯಲ್ಲಿ ಸಲೈನಾ ಮತ್ತು ಗ್ರೀನ್ ರಿವರ್ ನಡುವೆ 160 ಕಿಲೋಮೀಟರಿಗೂ ಹೆಚ್ಚು ದೂರ ಒಂದೂ ಬಂಕ್ ಇಲ್ಲ, ಚಹಾ ಅಂಗಡಿಯಂತೂ ಕೇಳಲೇಬೇಡಿ.

ಮುಸ್ಸಂಜೆಯ ನಂತರ ಕಾರು ಓಡಿಸದಿರುವುದು ಒಳ್ಳೆಯದು. ಜಿಂಕೆಗಳು ರಸ್ತೆಗೆ ಹಾರುತ್ತವೆ, ಬೇಲಿಯಿಲ್ಲದ ಮೇವುಗಾಡಿನಲ್ಲಿ ದನಗಳು ಡಾಂಬರಿನ ಮೇಲೇ ನಿಂತಿರುತ್ತವೆ. ದನ ಕಂಡರೆ ನಿಧಾನಿಸುವ ಪಾಠ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಪ್ಪು ದನ ಕತ್ತಲಲ್ಲಿ ಕಾಣುವುದೇ ಇಲ್ಲ. ಮೊಬೈಲ್ ಸಂಪರ್ಕ ಗಂಟೆಗಟ್ಟಲೆ ಇರದು. ಇಡೀ ಮಾರ್ಗದ ನಕ್ಷೆಯನ್ನು ವೇಗಸ್‌ನಲ್ಲೇ ಫೋನಿಗೆ ಇಳಿಸಿಕೊಳ್ಳಿ.

ನೀರು ಮತ್ತು ಊಟ

ನಡೆಯುವ ದಿನ ತಲಾ ನಾಲ್ಕು ಲೀಟರ್ ನೀರು ಬೇಕು. ಹೆಚ್ಚೆನಿಸಬಹುದು, ಆದರೆ ಗಾಳಿ ಎಷ್ಟು ಒಣಗಿದೆಯೆಂದರೆ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ. ಬೆವರಿದ್ದೇ ಗೊತ್ತಾಗದೆ ಸುಸ್ತು ಹೊಡೆಯುತ್ತದೆ. ಊರಿನಿಂದ ಓಆರ್‌ಎಸ್ ಪೊಟ್ಟಣಗಳನ್ನು ತಂದಿದ್ದರೆ ಅವು ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆ. ಮೂಗು, ತುಟಿ ಒಡೆಯುವವರು ಚಿಕ್ಕ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಇಟ್ಟುಕೊಳ್ಳಿ. ಉದ್ಯಾನಗಳಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ, ಆದರೆ ಚಾರಣದ ದಾರಿಯಲ್ಲಿ ಇಲ್ಲ.

ಸಸ್ಯಾಹಾರಿಗಳಿಗೆ ಝಯಾನ್ ಗೇಟಿನ ಬಳಿಯ ಸ್ಪ್ರಿಂಗ್‌ಡೇಲ್ ಮತ್ತು ಮೋಆಬ್ ಬಿಟ್ಟರೆ ಉಳಿದ ಊರುಗಳಲ್ಲಿ ಆಯ್ಕೆ ತೀರಾ ಕಡಿಮೆ. ವೇಗಸ್‌ನ ಭಾರತೀಯ ದಿನಸಿ ಅಂಗಡಿಯಿಂದ ಅವಲಕ್ಕಿ, ಮೊಸರು, ಉಪ್ಪಿನಕಾಯಿ ಖರೀದಿಸಿ ಐಸ್ ಪೆಟ್ಟಿಗೆ ತುಂಬಿಕೊಳ್ಳಿ. ಚಿಕ್ಕ ವಿದ್ಯುತ್ ಕುಕ್ಕರ್ ಒಂದಿದ್ದರೆ ರಾತ್ರಿ ಅನ್ನಕ್ಕೆ ಚಟ್ನಿಪುಡಿ ಕಲಸಿಕೊಂಡು ಬದುಕಬಹುದು. ವಸತಿಯ ಕೊಠಡಿಯಲ್ಲಿ ಅಡುಗೆಗೆ ಅನುಮತಿಯಿದೆಯೇ ಕೇಳಿಕೊಳ್ಳಿ. ಒಗ್ಗರಣೆಯ ಹೊಗೆಗೆ ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದುಕೊಂಡರೆ ಇಡೀ ಕಟ್ಟಡ ಅಂಗಳಕ್ಕೆ ಇಳಿಯುತ್ತದೆ. ಯೂಟಾದ ಸಣ್ಣ ಊರುಗಳಲ್ಲಿ ಭಾನುವಾರ ಅನೇಕ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಾಮಾನು ಖರೀದಿಸಿ.

ಮೊದಲ ತಂಗುದಾಣ: ಝಯಾನ್, ಎರಡು ರಾತ್ರಿ

ವೇಗಸ್‌ನಿಂದ ಐ-15 ಹಿಡಿದು ಸುಮಾರು 260 ಕಿಲೋಮೀಟರ್. ಯೂಟಾ ಗಡಿ ದಾಟಿದಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಬೆಳಗ್ಗೆ ತಡವಾಗಿ ಹೊರಟವರು ಈ ಒಂದು ಗಂಟೆಯನ್ನೂ ಕಳೆದುಕೊಂಡು ಮಧ್ಯಾಹ್ನದ ಬಿಸಿಲಿಗೆ ಬಂದು ನಿಲ್ಲುತ್ತಾರೆ.

ವಸಂತದಿಂದ ಶರತ್ಕಾಲದ ಕೊನೆಯವರೆಗೆ ಮುಖ್ಯ ಕಣಿವೆಯೊಳಗೆ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ, ಉಚಿತ ಬಸ್ಸಿನಲ್ಲಿ ಹೋಗಬೇಕು. ಸ್ಪ್ರಿಂಗ್‌ಡೇಲ್‌ನಲ್ಲಿ ಉಳಿದುಕೊಂಡು ಕಾರನ್ನು ಅಲ್ಲೇ ಬಿಟ್ಟು, ಊರಿನ ಉಚಿತ ಬಸ್ಸಿನಲ್ಲಿ ಗೇಟಿಗೆ ಬನ್ನಿ. ಬೆಳಗ್ಗೆ ಮೊದಲ ಬಸ್ಸುಗಳಲ್ಲೊಂದನ್ನು ಹಿಡಿದು ನೇರವಾಗಿ ಕೊನೆಯ ನಿಲ್ದಾಣವಾದ ಟೆಂಪಲ್ ಆಫ್ ಸಿನವಾವಕ್ಕೆ ಹೋಗಿ, ಅಲ್ಲಿಂದ ಒಂದೊಂದೇ ನಿಲ್ದಾಣ ಹಿಂದಕ್ಕೆ ಬನ್ನಿ. ಜನಜಂಗುಳಿ ಎದುರು ದಿಕ್ಕಿನಲ್ಲಿರುತ್ತದೆ.

ಕೊನೆಯ ನಿಲ್ದಾಣದಿಂದ ನದಿಯ ಪಕ್ಕದಲ್ಲೇ ಹೋಗುವ ರಿವರ್‌ಸೈಡ್ ವಾಕ್ ಹೋಗಿಬರಲು ಮೂರೂವರೆ ಕಿಲೋಮೀಟರ್, ಸಿಮೆಂಟು ದಾರಿ. ವಯಸ್ಸಾದವರೂ ನಿಧಾನವಾಗಿ ನಡೆಯಬಹುದು. ದಾರಿ ಮುಗಿಯುವಲ್ಲಿ ನ್ಯಾರೋಸ್ ಶುರು. ಅಲ್ಲಿ ವರ್ಜಿನ್ ನದಿಯೇ ದಾರಿ; ಎರಡೂ ಬದಿ ನೂರಾರು ಮೀಟರ್ ಗೋಡೆಗಳ ನಡುವೆ ನೀರಿನಲ್ಲಿ ನಡೆಯಬೇಕು. ಹಿಡಿತವಿರುವ ಬೂಟು ಮತ್ತು ಊರುಗೋಲು ಸ್ಪ್ರಿಂಗ್‌ಡೇಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಹೊರಡುವ ಮುನ್ನ ಸಂದರ್ಶಕರ ಕೇಂದ್ರದಲ್ಲಿ ಆ ದಿನದ ದಿಢೀರ್ ಪ್ರವಾಹದ ಮುನ್ಸೂಚನೆ ನೋಡಿ. ಏಂಜಲ್ಸ್ ಲ್ಯಾಂಡಿಂಗ್ ಬಗ್ಗೆ ಒಂದು ಮಾತು: ಕೊನೆಯ ಭಾಗದಲ್ಲಿ ಸರಪಳಿ ಹಿಡಿದು, ಎರಡೂ ಕಡೆ ಪ್ರಪಾತವಿರುವ ಬೆನ್ನೇಣಿನ ಮೇಲೆ ಹತ್ತಬೇಕು. ಅಲ್ಲಿ ಬಿದ್ದು ಸತ್ತವರಿದ್ದಾರೆ. ಲಾಟರಿ ಸಿಗಲಿಲ್ಲವೆಂದು ಬೇಸರಪಡುವ ಅಗತ್ಯವಿಲ್ಲ. ಕ್ಯಾನ್ಯನ್ ಓವರ್‌ಲುಕ್ ಎಂಬ ಪುಟ್ಟ ಚಾರಣ, ಹೋಗಿಬರಲು ಒಂದೂವರೆ ಕಿಲೋಮೀಟರಿನದು, ಕಣಿವೆಯ ಅತಿ ಚೆಂದದ ನೋಟಗಳಲ್ಲೊಂದನ್ನು ಕೊಡುತ್ತದೆ. ಅದು ಝಯಾನ್‌ನಿಂದ ಪೂರ್ವಕ್ಕೆ ಹೋಗುವ ರಸ್ತೆಯ ಸುರಂಗದ ಪೂರ್ವದ ತುದಿಯಲ್ಲಿದೆ. ಕಾರು ನಿಲ್ಲಿಸಲು ಜಾಗ ಅತಿ ಕಡಿಮೆ ಇರುವುದರಿಂದ ಬೆಳಗ್ಗೆ ಏಳಕ್ಕೆ ಮುನ್ನ ಅಲ್ಲಿರಿ.

ಎರಡನೆಯದು: ಬ್ರೈಸ್, ಒಂದು ರಾತ್ರಿ

ಝಯಾನ್‌ನಿಂದ ಪೂರ್ವಕ್ಕೆ ಹೊರಟರೆ 1930ರಲ್ಲಿ ಕೊರೆದು ಮುಗಿಸಿದ, 1.8 ಕಿಲೋಮೀಟರ್ ಉದ್ದದ ಸುರಂಗ ದಾಟುತ್ತೀರಿ. ಆಚೆ ಕಾಣುವುದು ಗಟ್ಟಿಯಾದ ಮರಳುದಿಬ್ಬಗಳು. ಅಲಂಕಾರದ ಮಾತಲ್ಲ, ನಿಜಕ್ಕೂ ಹಾಗೆಯೇ. ಸುಮಾರು 18 ಕೋಟಿ ವರ್ಷಗಳ ಹಿಂದೆ ಇಲ್ಲೊಂದು ವಿಶಾಲ ಮರಳುಗಾಡಿತ್ತು. ಗಾಳಿ ಒಟ್ಟಿದ ದಿಬ್ಬಗಳು ಹೂತು ಕಲ್ಲಾದವು, ಬಂಡೆಯ ಮೇಲೆ ಓರೆಯಾಗಿ ಕಾಣುವ ಗೆರೆಗಳು ಆ ಗಾಳಿಯದೇ ಗುರುತು. ಕೆಂಪು ಬಣ್ಣ ಕೊಟ್ಟದ್ದು ಮರಳಿನ ಕಣಗಳಿಗೆ ಅಂಟಿದ ಕಬ್ಬಿಣದ ತುಕ್ಕು. ಬಾದಾಮಿಯ ಗುಹೆಗಳ ಮುಂದೆ ನಿಂತವರಿಗೆ ಈ ಕೆಂಪು ಹೊಸದಲ್ಲ. ಬಾದಾಮಿಯ ಮರಳುಗಲ್ಲು ಇದಕ್ಕಿಂತ ಎಷ್ಟೋ ಹಳೆಯದು ಎಂಬುದನ್ನು ಮಕ್ಕಳಿಗೆ ಹೇಳಲು ಇದೇ ಜಾಗ.

ಒಟ್ಟು 135 ಕಿಲೋಮೀಟರ್ ಕ್ರಮಿಸಿ ಬ್ರೈಸ್ ತಲುಪುವಷ್ಟರಲ್ಲಿ ನೀವು ಒಂದು ಕಿಲೋಮೀಟರಿಗೂ ಹೆಚ್ಚು ಮೇಲೇರಿರುತ್ತೀರಿ. ಸ್ವೆಟರ್ ಹೊರತೆಗೆಯಿರಿ. ಮೊದಲ ದಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುವುದು ಸಹಜ. ಹೃದಯದ ತೊಂದರೆಯಿರುವ ಹಿರಿಯರು ವೈದ್ಯರನ್ನು ಕೇಳಿಯೇ ಬರಲಿ.

ಬ್ರೈಸ್‌ನ ಕಲ್ಲಿನ ಕಂಬಗಳಿಗೆ ಹೂಡೂ ಎಂದು ಹೆಸರು. ಬಿರುಕುಗಳಲ್ಲಿ ಸೇರಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ವರ್ಷದ ಸುಮಾರು ಅರ್ಧದಷ್ಟು ದಿನ ನಡೆಯುವ ಈ ಕೆಲಸ ಬಂಡೆಯನ್ನು ಒಡೆದೊಡೆದು ಕಂಬಗಳನ್ನಾಗಿಸಿದೆ. ಕೆಟ್ಟ ನಡತೆಯ ಜನರನ್ನು ತೋಳದ ಜಾತಿಯ ಪ್ರಾಣಿ ಕಾಯೋಟಿ ಶಪಿಸಿ ಕಲ್ಲಾಗಿಸಿದ್ದೇ ಈ ಕಂಬಗಳು ಎನ್ನುವುದು ಇಲ್ಲಿನ ಮೂಲನಿವಾಸಿ ಪಾಯೂಟ್ ಜನರ ಕಥೆ. ಅಹಲ್ಯೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ, ಇಲ್ಲಿ ರಾಮ ಬರುವುದಿಲ್ಲ ಅಷ್ಟೆ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಅಂಚಿನಲ್ಲಿರಿ. ಕಂಬಗಳು ಪೂರ್ವಕ್ಕೆ ಮುಖ ಮಾಡಿವೆ, ಬೆಳಗಿನ ಬೆಳಕೇ ಇಲ್ಲಿ ಮುಖ್ಯ, ಸಂಜೆ ಅವು ನೆರಳಿನಲ್ಲಿರುತ್ತವೆ. ಆಮೇಲೆ ಕ್ವೀನ್ಸ್ ಗಾರ್ಡನ್ ದಾರಿಯಲ್ಲಿ ಇಳಿದು ನವಾಹೊ ಲೂಪ್ ಮೂಲಕ ಹತ್ತಿ ಬನ್ನಿ, ನಾಲ್ಕೂವರೆ ಕಿಲೋಮೀಟರ್. ಇಳಿಯುವಾಗ ಉತ್ಸಾಹವಿರುತ್ತದೆ, ಹತ್ತುವುದು ಕೊನೆಗೆ ಬರುತ್ತದೆ, ಅದೂ ಎರಡೂವರೆ ಸಾವಿರ ಮೀಟರ್ ಎತ್ತರದ ತೆಳು ಗಾಳಿಯಲ್ಲಿ. ಇಳಿಯಲಾಗದವರು ಸನ್‌ರೈಸ್ ಪಾಯಿಂಟ್ ಮತ್ತು ಸನ್‌ಸೆಟ್ ಪಾಯಿಂಟ್ ನಡುವಿನ ಸಮತಟ್ಟು ದಾರಿಯಲ್ಲಿ ಒಂದು ಗಂಟೆ ಕಳೆದರೂ ಏನೂ ತಪ್ಪಿಸಿಕೊಂಡಂತಲ್ಲ. ಚಂದ್ರನಿಲ್ಲದ ರಾತ್ರಿಯಾದರೆ ಇದೇ ಜಾಗಕ್ಕೆ ಕಂಬಳಿ ಹೊದ್ದು ಬನ್ನಿ, ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ.

ಮೂರನೆಯದು: ಹೈವೇ 12 ಮತ್ತು ಕ್ಯಾಪಿಟಲ್ ರೀಫ್, ಒಂದು ರಾತ್ರಿ

ಸಮಯ ಉಳಿಸಲು ಬ್ರೈಸ್‌ನಿಂದ ನೇರ ಮೋಆಬ್‌ಗೆ ಐ-70 ಹಿಡಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಡೀ ಪ್ರವಾಸದಲ್ಲಿ ಒಂದೇ ರಸ್ತೆಯನ್ನು ಉಳಿಸಿಕೊಳ್ಳುವುದಾದರೆ ನಾನು ಉಳಿಸಿಕೊಳ್ಳುವುದು ಬ್ರೈಸ್‌ನಿಂದ ಕ್ಯಾಪಿಟಲ್ ರೀಫ್ ಪಕ್ಕದ ಟೋರಿ ಊರಿನವರೆಗಿನ ಹೈವೇ 12. ಸುಮಾರು 190 ಕಿಲೋಮೀಟರ್. ಫೋನು ಮೂರು ಗಂಟೆ ಎನ್ನುತ್ತದೆ, ನೀವು ಆರು ಗಂಟೆ ಇಟ್ಟುಕೊಳ್ಳಿ.

ಎಸ್ಕಲಾಂಟೆ ಊರು ದಾಟಿದ ಮೇಲೆ ಹೆಡ್ ಆಫ್ ದ ರಾಕ್ಸ್ ಎಂಬ ತಿರುವಿನಲ್ಲಿ ನಿಲ್ಲಿಸಿ: ಕೆಳಗೆ ಕಣ್ಣು ಹಾಯುವವರೆಗೆ ಬೋಳು ಬಂಡೆ, ಅದರ ಮೇಲೆ ಎಳೆದಿಟ್ಟ ರಸ್ತೆ. ಕಾಫ್ ಕ್ರೀಕ್ ಜಲಪಾತಕ್ಕೆ ಹೋಗಿಬರಲು ಸುಮಾರು ಹತ್ತು ಕಿಲೋಮೀಟರ್ ಮರಳಿನ ದಾರಿ. ಸೆಕೆಯಿಲ್ಲದ ದಿನ ಮಾತ್ರ. ಅಲ್ಲಿಂದ ಮುಂದೆ ಹಾಗ್ಸ್‌ಬ್ಯಾಕ್ ಬರುತ್ತದೆ. ಎರಡೂ ಬದಿ ಕಂದಕ, ತಡೆಗೋಡೆಯಿಲ್ಲ, ಮೇಲೆ ಎರಡು ಪಥದ ರಸ್ತೆ. ಚಾಲಕರು ನೋಟ ನೋಡಬಾರದು, ಪಕ್ಕದವರು ಕಿರುಚಬಾರದು. ಆಚೆಗಿನ ಬೋಲ್ಡರ್ ಊರಿಗೆ 1930ರ ದಶಕದಲ್ಲೂ ಅಂಚೆ ಬರುತ್ತಿದ್ದದ್ದು ಹೇಸರಗತ್ತೆಗಳ ಬೆನ್ನ ಮೇಲೆ ಎಂಬುದು ಈ ರಸ್ತೆ ಕಂಡ ಮೇಲೆ ಆಶ್ಚರ್ಯವೆನಿಸುವುದಿಲ್ಲ. ನಂತರ ಬೋಲ್ಡರ್ ಬೆಟ್ಟದಲ್ಲಿ 2,900 ಮೀಟರ್‌ವರೆಗೆ ಏರಿ ಆಸ್ಪೆನ್ ಮರಗಳ ನಡುವೆ ಟೋರಿಗೆ ಇಳಿಯುತ್ತೀರಿ.

ಕ್ಯಾಪಿಟಲ್ ರೀಫ್ ಐದು ಯೂಟಾ ಉದ್ಯಾನಗಳಲ್ಲಿ ಕಡಿಮೆ ಸದ್ದಿನದು. ಸುಮಾರು 160 ಕಿಲೋಮೀಟರ್ ಉದ್ದಕ್ಕೆ ಭೂಮಿಯ ಪದರ ಮಡಿಚಿಕೊಂಡು ಎದ್ದ ಗೋಡೆ ಇದು. ನಡುವೆ ಫ್ರೀಮಾಂಟ್ ನದಿಯ ದಂಡೆಯಲ್ಲಿ ಫ್ರೂಟಾ ಎಂಬ ಹಸಿರು ತುಣುಕು. 1880ರ ದಶಕದಿಂದ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ನೆಟ್ಟ ಹಣ್ಣಿನ ತೋಟಗಳನ್ನು ಉದ್ಯಾನ ಸೇವೆ ಈಗಲೂ ನೋಡಿಕೊಳ್ಳುತ್ತಿದೆ. ಕೊಯ್ಲಿಗೆ ತೆರೆದ ತೋಟದೊಳಗೆ ಕೂತು ತಿನ್ನುವ ಹಣ್ಣಿಗೆ ಹಣವಿಲ್ಲ, ಮನೆಗೆ ಒಯ್ಯುವುದಕ್ಕೆ ಮಾತ್ರ ತೂಕ ಮಾಡಿ ಪೆಟ್ಟಿಗೆಗೆ ಹಾಕಬೇಕು. ಜೂನ್ ಸುಮಾರಿಗೆ ಚೆರ್ರಿ, ಬೇಸಿಗೆ ನಡುವೆ ಏಪ್ರಿಕಾಟ್, ಪೀಚ್, ಶರತ್ತಿನಲ್ಲಿ ಸೇಬು. ಹತ್ತಿರದಲ್ಲೇ ಪ್ರಾಚೀನ ಫ್ರೀಮಾಂಟ್ ಜನರು ಕೆತ್ತಿದ ಬಂಡೆಚಿತ್ರಗಳಿವೆ. ಮುಟ್ಟಬೇಡಿ, ಬೆರಳಿನ ಎಣ್ಣೆಯೂ ಅವನ್ನು ಹಾಳುಮಾಡುತ್ತದೆ. ಬಂಡೆಯ ಮೇಲೆ ಹೆಸರು ಗೀಚುವುದು ಇಲ್ಲಿ ಶಿಕ್ಷಾರ್ಹ ಅಪರಾಧ.

ನಾಲ್ಕನೆಯದು: ಮೋಆಬ್, ಮೂರು ರಾತ್ರಿ

ಟೋರಿಯಿಂದ ಹೈವೇ 24ರಲ್ಲಿ ಹ್ಯಾಂಕ್ಸ್‌ವಿಲ್ ಮೂಲಕ ಮೋಆಬ್‌ಗೆ ಸುಮಾರು 240 ಕಿಲೋಮೀಟರ್. ಹ್ಯಾಂಕ್ಸ್‌ವಿಲ್‌ನಲ್ಲಿ ಬಂಡೆಯನ್ನೇ ಕೊರೆದು ಅಂಗಡಿ ಮಾಡಿದ ಬಂಕ್ ಇದೆ. ಟ್ಯಾಂಕ್ ತುಂಬಿಸಲು ಅದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ಮಕ್ಕಳಿದ್ದರೆ ಗಾಬ್ಲಿನ್ ವ್ಯಾಲಿಯಲ್ಲಿ ಒಂದು ಗಂಟೆ ಬಿಡಿ. ಅಣಬೆಯಾಕಾರದ ಕಲ್ಲುಗಳ ನಡುವೆ ಎಲ್ಲೆಂದರಲ್ಲಿ ಓಡಾಡಲು ಅಲ್ಲಿ ಅನುಮತಿಯಿದೆ.

ಮೋಆಬ್‌ಗೆ ಮೂರು ರಾತ್ರಿ ಕೊಡುವುದಕ್ಕೆ ಕಾರಣ, ಎರಡು ಉದ್ಯಾನಗಳ ಬಾಗಿಲು ಇದೊಂದೇ ಊರು. ಬೆಳಗು ಮತ್ತು ಸಂಜೆ ಮಾತ್ರ ಓಡಾಡಿ, ಮಧ್ಯಾಹ್ನ ಕೊಠಡಿಗೆ ಮರಳಿ ಮಲಗಿ. ಬಿಸಿಲಿಗೆ ಹೆದರಿ ಮಾತ್ರ ಹೇಳುತ್ತಿಲ್ಲ. ನೆತ್ತಿಯ ಮೇಲಿನ ಸೂರ್ಯ ಕೆಂಪನ್ನೆಲ್ಲ ಬಿಳಿಚಿಸಿಬಿಡುತ್ತಾನೆ.

ಆರ್ಚಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ. ನೆಲದಡಿಯ ಹಳೆಯ ಉಪ್ಪಿನ ಪದರ ಸರಿದಾಡಿ ಮೇಲಿನ ಬಂಡೆಯನ್ನು ಸೀಳಿತು, ಸೀಳಿನ ನಡುವೆ ಉಳಿದ ತೆಳು ಗೋಡೆಗಳಲ್ಲಿ ನೀರು ಕಿಂಡಿ ಕೊರೆಯಿತು. ಕೆಲಸ ಇನ್ನೂ ನಡೆದಿದೆ. ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ 1991ರಲ್ಲಿ ದೊಡ್ಡ ಚಪ್ಪಡಿ ಕಳಚಿ ಬಿತ್ತು, ವಾಲ್ ಆರ್ಚ್ 2008ರಲ್ಲಿ ಪೂರ್ತಿ ಕುಸಿಯಿತು. ಡೆಲಿಕೇಟ್ ಆರ್ಚ್‌ಗೆ ಹೋಗಿಬರಲು ಐದು ಕಿಲೋಮೀಟರ್, ನೆರಳೆಂಬುದೇ ಇಲ್ಲ. ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲು ಹೊರಟು, ಹಿಂದಿರುಗಲು ತಲೆಗೆ ಕಟ್ಟುವ ದೀಪ ಒಯ್ಯಿರಿ. ಹಿರಿಯರಿಗೆ ವಿಂಡೋಸ್ ಭಾಗ ಹೇಳಿ ಮಾಡಿಸಿದಂತಿದೆ: ಕಾರು ನಿಲ್ಲಿಸಿ ಹತ್ತಿಪ್ಪತ್ತು ನಿಮಿಷದಲ್ಲಿ ಮೂರು ಭಾರಿ ಕಮಾನುಗಳ ಬುಡಕ್ಕೆ ಹೋಗಬಹುದು.

ದಾರಿ ಬಿಟ್ಟು ಮರಳಿಗೆ ಕಾಲಿಡಬೇಡಿ. ನೆಲದ ಮೇಲೆ ಕಪ್ಪು ಹುರುಪೆಯಂತೆ ಕಾಣುವುದು ಜೀವಂತ ಪದರ; ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿಗಳು ಕೂಡಿ ಮರಳನ್ನು ಹಿಡಿದಿಟ್ಟಿವೆ. ಒಂದು ಹೆಜ್ಜೆ ಮಾಡಿದ ಗಾಯ ಮಾಯಲು ದಶಕಗಳು ಬೇಕು.

ಕ್ಯಾನ್ಯನ್‌ಲ್ಯಾಂಡ್ಸ್‌ನಲ್ಲಿ ಐಲೆಂಡ್ ಇನ್ ದ ಸ್ಕೈ ಭಾಗ ಮಾತ್ರ ಸಾಕು. ನೀಡಲ್ಸ್ ಭಾಗಕ್ಕೆ ಮೋಆಬ್‌ನಿಂದ ಸುಮಾರು ಒಂದೂವರೆ ಗಂಟೆ ಬೇಕು, ಅದು ಚಾರಣಿಗರದು. ಮೆಸಾ ಆರ್ಚ್‌ನಲ್ಲಿ ಸೂರ್ಯೋದಯ ನೋಡಲು ಹೋದರೆ ಛಾಯಾಗ್ರಾಹಕರ ಮುಕ್ಕಾಲಿಗಳ ಸಾಲು ನಿಮಗಿಂತ ಮೊದಲೇ ಇರುತ್ತದೆ. ಒಂದು ಗಂಟೆ ತಡವಾಗಿ ಹೋದರೂ ನಷ್ಟವಿಲ್ಲ. ಗ್ರ್ಯಾಂಡ್ ವ್ಯೂ ಪಾಯಿಂಟ್‌ವರೆಗೆ ಹೋಗಿ, ಮರಳುವಾಗ ಸಂಜೆ ಡೆಡ್ ಹಾರ್ಸ್ ಪಾಯಿಂಟ್‌ಗೆ ಬನ್ನಿ. ಆರುನೂರು ಮೀಟರ್ ಕೆಳಗೆ ಕೊಲರಾಡೊ ನದಿ ಹೊರಳುವುದನ್ನು ಸಂಜೆಯ ಬೆಳಕಿನಲ್ಲಿ ನೋಡಲು ಕೊಡುವ ಶುಲ್ಕ ದುಬಾರಿಯಲ್ಲ.

ಐದನೆಯದು: ನವಾಹೊ ನಾಡು, ಎರಡು ರಾತ್ರಿ

ಮೋಆಬ್‌ನಿಂದ ಬ್ಲಫ್, ಮೆಕ್ಸಿಕನ್ ಹ್ಯಾಟ್ ದಾಟಿ ಮಾನ್ಯುಮೆಂಟ್ ವ್ಯಾಲಿಗೆ 240 ಕಿಲೋಮೀಟರ್. ಇದು ನವಾಹೊ ಜನರ ಸ್ವಂತ ನೆಲ, ಕಾನೂನು ಅವರದು. ಮದ್ಯ ನಿಷಿದ್ಧ, ಡ್ರೋನ್ ಹಾರಿಸುವಂತಿಲ್ಲ, ಕೇಳದೆ ಜನರ ಫೋಟೊ ತೆಗೆಯುವುದು ಅಗೌರವ. ಕಣಿವೆಯೊಳಗಿನ 27 ಕಿಲೋಮೀಟರ್ ಸುತ್ತು ಮರಳು, ಗುಂಡಿಗಳ ಕಚ್ಚಾ ರಸ್ತೆ. ಬಾಡಿಗೆ ಕಾರನ್ನು ಹೊರಗೇ ಬಿಟ್ಟು ನವಾಹೊ ಮಾರ್ಗದರ್ಶಿಯ ಜೀಪು ಹತ್ತಿ. ಸಾರ್ವಜನಿಕರಿಗೆ ತೆರೆಯದ ಭಾಗಗಳಿಗೂ ಅವರು ಕರೆದೊಯ್ಯುತ್ತಾರೆ, ಹಣವೂ ಸಲ್ಲಬೇಕಾದವರಿಗೇ ಸಲ್ಲುತ್ತದೆ.

ಈಗ ಗಡಿಯಾರದ ಗೊಂದಲ. ಬೇಸಿಗೆಯಲ್ಲಿ ಅಮೆರಿಕದ ಬಹುಭಾಗ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ. ಅರಿಜೋನಾ ಇಡುವುದಿಲ್ಲ, ಅದರೊಳಗಿನ ನವಾಹೊ ರಾಷ್ಟ್ರ ಇಡುತ್ತದೆ. ಹಾಗಾಗಿ ಮಾನ್ಯುಮೆಂಟ್ ವ್ಯಾಲಿಯಿಂದ 200 ಕಿಲೋಮೀಟರ್ ದೂರದ ಪೇಜ್ ಊರಿಗೆ ಬಂದಾಗ ಒಂದು ಗಂಟೆ ಲಾಭವಾಗುತ್ತದೆ. ಆಂಟಲೋಪ್ ಕಣಿವೆ ನವಾಹೊ ನೆಲದಲ್ಲಿದ್ದರೂ ಅಲ್ಲಿನ ಪ್ರವಾಸಗಳು ನಡೆಯುವುದು ಅರಿಜೋನಾ ಸಮಯಕ್ಕೆ. ಫೋನು ಎರಡು ಗೋಪುರಗಳ ನಡುವೆ ತೂಗಾಡುತ್ತ ತಪ್ಪು ಸಮಯ ತೋರಿಸಬಹುದು, ಕೈಗಡಿಯಾರವನ್ನು ಪೇಜ್ ಸಮಯಕ್ಕೆ ಹೊಂದಿಸಿ ಅದನ್ನೇ ನಂಬಿ. ಆಂಟಲೋಪ್‌ನ ಮೇಲಿನ ಕಣಿವೆಗೆ ಸಮತಟ್ಟಾಗಿ ನಡೆದು ಹೋಗಬಹುದು. ಕೆಳಗಿನದಕ್ಕೆ ಕಡಿದಾದ ಏಣಿಗಳನ್ನು ಇಳಿಯಬೇಕು. ಮಂಡಿನೋವಿರುವವರು ಮೇಲಿನದನ್ನೇ ಆರಿಸಲಿ. ಹಾರ್ಸ್‌ಶೂ ಬೆಂಡ್‌ಗೆ ಬೆಳಗ್ಗೆ ಒಂಬತ್ತರ ನಂತರ ಹೋಗಿ, ಅದಕ್ಕೂ ಮೊದಲು ನದಿಯ ತಿರುವು ನೆರಳಿನಲ್ಲಿರುತ್ತದೆ.

ಆರನೆಯದು: ಗ್ರ್ಯಾಂಡ್ ಕ್ಯಾನ್ಯನ್, ಒಂದು ರಾತ್ರಿ

ಉತ್ತರದ ಅಂಚಿನ ಐತಿಹಾಸಿಕ ವಸತಿಗೃಹ 2025ರ ಜುಲೈನಲ್ಲಿ ಕಾಳ್ಗಿಚ್ಚಿಗೆ ಸುಟ್ಟುಹೋಯಿತು. ದಕ್ಷಿಣದ ಅಂಚಿಗೇ ಹೋಗಿ. ಪೇಜ್‌ನಿಂದ ಕ್ಯಾಮರಾನ್ ಮೂಲಕ ಪೂರ್ವದ ಡೆಸರ್ಟ್ ವ್ಯೂ ಗೇಟಿನಿಂದ ಒಳಬಂದರೆ ಸರದಿ ಕಡಿಮೆ. ವಾಸ್ತುಶಿಲ್ಪಿ ಮೇರಿ ಕೋಲ್ಟರ್ ವಿನ್ಯಾಸ ಮಾಡಿದ, 1932ರಲ್ಲಿ ಕಟ್ಟಿ ಮುಗಿಸಿದ ಕಲ್ಲಿನ ಗೋಪುರ ಅಲ್ಲೇ ಸಿಗುತ್ತದೆ. ಅಲ್ಲಿಂದ ಉದ್ಯಾನದೊಳಗಿನ ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್‌ವರೆಗಿನ 40 ಕಿಲೋಮೀಟರ್ ರಸ್ತೆಯಲ್ಲಿ ಒಂದೊಂದು ತಿರುವಿನಲ್ಲೂ ನಿಲ್ಲಿಸುತ್ತ ಸೂರ್ಯಾಸ್ತದ ಹೊತ್ತಿಗೆ ಪಶ್ಚಿಮ ತುದಿ ಸೇರಿ.

ಇಲ್ಲಿನ ಶಿಖರಗಳ ಹೆಸರುಗಳನ್ನು ನಕ್ಷೆಯಲ್ಲಿ ಹುಡುಕಿ: ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್, ರಾಮ ಶ್ರೈನ್, ಕೃಷ್ಣ ಶ್ರೈನ್. ಇವು ಯಾರೋ ಭಾರತೀಯರು ಇಟ್ಟವಲ್ಲ. 1880ರ ದಶಕದಲ್ಲಿ ಇಲ್ಲಿ ಅಧ್ಯಯನ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್‌ಗೆ ಈ ಶಿಖರಗಳು ಪೂರ್ವದೇಶಗಳ ದೇಗುಲಗಳಂತೆ ಕಂಡವು; ಹೀಗೆ ಹೆಸರಿಡುವ ಪರಿಪಾಠಕ್ಕೆ ನಾಂದಿ ಹಾಡಿದವನು ಅವನು. ಕಣಿವೆಯ ತಳದ, ಸುಮಾರು 170 ಕೋಟಿ ವರ್ಷ ಹಳೆಯ ಕಪ್ಪು ಶಿಲೆಗೂ ವಿಷ್ಣು ಶಿಸ್ಟ್ ಎಂದೇ ಹೆಸರು. ಗೋಪುರದ ಬಳಿ ಪಶ್ಚಿಮಕ್ಕೆ ನೋಡಿದರೆ ವಿಷ್ಣುವಿನ ಶಿಖರ ಕಾಣುತ್ತದೆ, ಅಪ್ಪ ಅಮ್ಮನಿಗೆ ತೋರಿಸಿ.

ಬ್ರೈಟ್ ಏಂಜಲ್ ದಾರಿಯಲ್ಲಿ ಒಂದಷ್ಟು ಇಳಿಯಬಯಸುವವರು, ಇಳಿದ ಸಮಯದ ಎರಡರಷ್ಟು ಹತ್ತಲು ಬೇಕು ಎಂದು ಲೆಕ್ಕ ಹಾಕಿ. ಒಂದೇ ದಿನದಲ್ಲಿ ನದಿ ಮುಟ್ಟಿ ಮರಳುವ ಸಾಹಸವನ್ನು ಉದ್ಯಾನದವರೇ ಬೇಡವೆನ್ನುತ್ತಾರೆ.

ಮರಳುವ ದಿನ

ದಕ್ಷಿಣದ ಅಂಚಿನಿಂದ ವೇಗಸ್‌ಗೆ ಸುಮಾರು 450 ಕಿಲೋಮೀಟರ್, ನಾಲ್ಕೂವರೆಯಿಂದ ಐದು ಗಂಟೆ. ವಿಲಿಯಮ್ಸ್, ಕಿಂಗ್‌ಮನ್ ಮೂಲಕ ಬಂದು ಹೂವರ್ ಅಣೆಕಟ್ಟಿನ ಬಳಿ ನೆವಾಡಾ ಸೇರುತ್ತೀರಿ. ಅದೇ ಸಂಜೆಯ ವಿಮಾನ ಹಿಡಿಯುವ ಯೋಜನೆ ಬೇಡ. ರಾತ್ರಿ ವೇಗಸ್‌ನಲ್ಲಿ ಉಳಿಯಿರಿ ಅಥವಾ ಕನಿಷ್ಠ ನಡುರಾತ್ರಿಯ ವಿಮಾನ ಆರಿಸಿ. ಕಾರು ಮರಳಿಸುವ ಮುನ್ನ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ, ಆಸನದ ಕೆಳಗಿನ ಕೆಂಪು ಮರಳನ್ನು ಝಾಡಿಸಿ, ಕಾರಿನ ನಾಲ್ಕೂ ಬದಿಯ ಫೋಟೊ ತೆಗೆಯಿರಿ. ಹತ್ತು ದಿನ ರಜೆ ಸಿಗದವರು ಪ್ರತಿ ಊರಿನಿಂದ ಒಂದೊಂದು ಗಂಟೆ ಕಡಿಯುವ ಬದಲು ಒಂದು ಭಾಗವನ್ನೇ ಕೈಬಿಡಿ: ಏಳು ದಿನವಿದ್ದರೆ ಗ್ರ್ಯಾಂಡ್ ಕ್ಯಾನ್ಯನ್, ಪೇಜ್ ಮತ್ತು ಮಾನ್ಯುಮೆಂಟ್ ವ್ಯಾಲಿ ಬಿಟ್ಟು ಮೋಆಬ್‌ನಿಂದ ಸಾಲ್ಟ್ ಲೇಕ್ ಸಿಟಿಗೆ ನಾಲ್ಕು ಗಂಟೆ ಓಡಿಸಿ ಅಲ್ಲಿಂದ ವಿಮಾನ ಹಿಡಿಯಿರಿ, ಬೇರೆ ಊರಿನಲ್ಲಿ ಕಾರು ಬಿಡುವ ಶುಲ್ಕ ಆಗ ಕೊಡಬೇಕಾಗುತ್ತದೆ. ನಾಲ್ಕೇ ದಿನವಿದ್ದರೆ ಝಯಾನ್ ಮತ್ತು ಬ್ರೈಸ್ ನೋಡಿ ವೇಗಸ್‌ಗೆ ಮರಳಿ.